ನೀಲಿ ಕಿವಿಟೋಪಿ

ಶೌರ್ಯವನ್ನು ರಾಗ ಕಟ್ಟಿ ಓದುವವರಿದ್ದಾರೆ. ವಿರಹವನ್ನು ಓದುವವರಿದ್ದಾರೆ. ವೈರಾಗ್ಯವನ್ನಂತೂ ಹೊಟ್ಟೆ ತುಂಬ ಉಂಡು ಬಂದು, ಗೋಡೆಗೊರಗಿ ಕೂತು ಕೇಳುವವರಿದ್ದಾರೆ. ಆದರೆ ಒಬ್ಬ ಸಂಸಾರಸ್ಥ ಇನ್ನೊಬ್ಬನ ಕುದುರೆಗೆ ಬಂದ ಕಾಯಿಲೆಯನ್ನು ಕಂಡು, ಅಯ್ಯೋ ಇದು ನನ್ನ ಕುದುರೆಗೆ ಬರಲಿಲ್ಲವಲ್ಲ ಎಂದು ಕರುಬಿದ ಪ್ರಸಂಗವನ್ನು ಯಾವ ಸಭೆಯಲ್ಲೂ ಯಾರೂ ಓದಿದಂತಿಲ್ಲ. ಬಹುಶಃ ಅಷ್ಟು ದೊಡ್ಡ ಹೊಟ್ಟೆಕಿಚ್ಚಿಗೆ ತಕ್ಕ ರಾಗ ಇನ್ನೂ ಹುಟ್ಟಿಲ್ಲ. ಅದಕ್ಕೆ ಗದ್ಯವೇ ಗತಿ.

ಆ ಸಂಸಾರಸ್ಥನನ್ನು ಎಲ್ಲರೂ ಬಲ್ಲಣ್ಣ ಎಂದು ಕರೆಯುತ್ತಿದ್ದರು. ಯಾರು ಏನು ಹೇಳಹೊರಟರೂ ಅರ್ಧಕ್ಕೇ ಅಂಗೈ ಎತ್ತಿ ತಡೆದು, "ನಾ ಬಲ್ಲೆ" ಅನ್ನುವುದು ಅವನ ಅಭ್ಯಾಸ. ಹೀಗಾಗಿ ಲೋಕದಲ್ಲಿರುವ ವಿಷಯಗಳೆಲ್ಲ ಅವನಿಗೆ ಅರ್ಧದವರೆಗೆ ಚೆನ್ನಾಗಿ ಗೊತ್ತಿದ್ದವು. ಕೆರೆಯ ಪಕ್ಕದ ದೊಡ್ಡ ತೋಟದಲ್ಲಿ ಮಕ್ಕಳನ್ನು ಕುದುರೆಗಾಡಿಯಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕಿಸುವುದು ಅವನ ಕಸುಬು. ಅವನ ಕುದುರೆ ಕೆಂದುಬಣ್ಣದ್ದು, ಶಾಂತ ಸ್ವಭಾವದ್ದು, ಹೆಸರು ಗೋಧಿ.

ಅದೇ ತೋಟದಲ್ಲಿ ಇನ್ನೊಂದು ಗಾಡಿಯೂ ಇತ್ತು. ಅದರ ಕುದುರೆ ಬೂದುಬಣ್ಣದ್ದು, ಹೆಸರು ಮೋಡ. ಅದರ ಯಜಮಾನ ಬಲ್ಲಣ್ಣನ ಷಡ್ಡಕ, ಎಂದರೆ ಹೆಂಡತಿಯ ತಂಗಿಯ ಗಂಡ. ಷಡ್ಡಕನೆಂಬುವನನ್ನು ದೇವರು ಯಾಕೆ ಸೃಷ್ಟಿಸಿದನೋ ತಿಳಿಯದು. ಅವನು ಅಣ್ಣನಲ್ಲ, ಪಾಲು ಕೇಳುವ ಹಾಗಿಲ್ಲ. ಪರಕೀಯನಲ್ಲ, ಜಗಳವಾಡಿ ಮಾತು ಬಿಡುವ ಹಾಗಿಲ್ಲ. ಬರಿಯ ಹೋಲಿಕೆಗೆಂದೇ ಇರುವ ಸಂಬಂಧ ಅದೊಂದೇ. ಇಬ್ಬರ ಮನೆಗಳೂ ಒಂದಕ್ಕೊಂದು ಅಂಟಿಕೊಂಡಿದ್ದವು. ಹಿತ್ತಲು ಒಂದೇ, ಲಾಯ ಒಂದೇ, ನಡುವೆ ಒಂದು ಹಲಗೆ ಅಡ್ಡ. ಗೋಧಿಯೂ ಮೋಡವೂ ಆ ಹಲಗೆಯ ಮೇಲಿಂದ ಕತ್ತು ಚಾಚಿ ಒಂದರ ಹೆಗಲನ್ನು ಇನ್ನೊಂದು ಕೆರೆದುಕೊಂಡು ಸುಖವಾಗಿದ್ದವು. ಕುದುರೆಗಳಿಗೆ ಷಡ್ಡಕರಿರುವುದಿಲ್ಲ.

ಎರಡು ಮನೆಗೂ ಸೇರಿ ಅತ್ತೆ ಒಬ್ಬರೇ. ಒಂದಷ್ಟು ದಿನ ಹಿರಿಯ ಮಗಳ ಕಡೆ, ಒಂದಷ್ಟು ದಿನ ಕಿರಿಯ ಮಗಳ ಕಡೆ ಊಟ ಮಾಡುತ್ತಿದ್ದರೂ ಅವರ ಕುರ್ಚಿ ಮಾತ್ರ ಎರಡೂ ಹಿತ್ತಿಲ ಬಾಗಿಲುಗಳ ನಟ್ಟನಡುವೆ ಇರುತ್ತಿತ್ತು. ಕಡಿಮೆ ಮಾತಿನ ಹೆಂಗಸು. ಆದರೆ ಆಡುವ ಆ ನಾಲ್ಕು ಮಾತಿನಲ್ಲಿ, ಬಲ್ಲಣ್ಣನ ಲೆಕ್ಕದ ಪ್ರಕಾರ, ಮೂರು ಮಾತು ಕಿರಿಯ ಅಳಿಯನ ಪಾಲಿಗೆ ಹೋಗುತ್ತಿದ್ದವು. ಕಿರಿಯ ಅಳಿಯಂದಿರ ಗಾಡಿ ಎಷ್ಟು ಸದ್ದಿಲ್ಲದೆ ಉರುಳುತ್ತದೆ ಎಂದು ಅವರು ಒಂದು ಸಲ ಅಂದಿದ್ದರು. ಅಂದಿನಿಂದ ಬಲ್ಲಣ್ಣ ತನ್ನ ಗಾಡಿಯ ಅಚ್ಚಿಗೆ ಎಷ್ಟು ಎಣ್ಣೆ ಸುರಿದನೆಂದರೆ, ಚಕ್ರ ಸದ್ದು ಮಾಡದೆ ಎಣ್ಣೆಯೇ ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಅದನ್ನು ಅತ್ತೆ ಗಮನಿಸಲಿಲ್ಲ. ಹಿತ್ತಲಲ್ಲಿ ಜಾರಿದಾಗ ಮಾತ್ರ, ಇಲ್ಲಿ ಎಣ್ಣೆ ಚೆಲ್ಲಿದವರು ಯಾರು ಎಂದು ಕೇಳಿದರು.

ಹೀಗಿರುವಾಗ ಒಂದು ದಿನ ಅತ್ತೆಯ ಮಡಿಲಲ್ಲಿ ನೀಲಿ ದಾರದ ಉಂಡೆ ಕಾಣಿಸಿಕೊಂಡಿತು.

ಅತ್ತೆಯ ಕೈಯ ಹೆಣಿಗೆ ಆ ಬೀದಿಯಲ್ಲೆಲ್ಲ ಹೆಸರುವಾಸಿ. ಅವರು ಹೆಣೆದ ಕುಲಾವಿ ತೊಟ್ಟ ಕೂಸುಗಳು ಬೆಳೆದು, ಮದುವೆಯಾಗಿ, ತಮ್ಮ ಕೂಸುಗಳಿಗೆ ಅದೇ ಕುಲಾವಿ ತೊಡಿಸಿದ್ದುಂಟು. ಈಚೆಗೆ ಕಣ್ಣು ಮಂಜಾದ ಮೇಲೆ ಅವರು ಕಡ್ಡಿ ಮುಟ್ಟಿರಲಿಲ್ಲ. ಈಗ ಮತ್ತೆ ಮುಟ್ಟಿದ್ದಾರೆ. ಅದೂ ಹಿರಿಯ ಮಗಳ ಮನೆಯ ಊಟದ ಸರದಿಯಲ್ಲಿ. ಬಲ್ಲಣ್ಣ ಲಾಯಕ್ಕೆ ಹೋಗುವಾಗೊಮ್ಮೆ ಬರುವಾಗೊಮ್ಮೆ ಓರೆಗಣ್ಣಲ್ಲಿ ನೋಡಿದ. ಉದ್ದನೆಯ ಚೀಲದಂಥದ್ದು ಒಂದು ಮುಗಿದಿತ್ತು. ಅಂಥದ್ದೇ ಇನ್ನೊಂದು ಶುರುವಾಗಿತ್ತು. ಜೋಡಿ, ಉದ್ದ, ಒಂದು ಕಡೆ ಬಾಯಿ, ಇನ್ನೊಂದು ಕಡೆ ತುದಿ. ಇದು ಏನೆಂದು ಕೇಳುವ ಅಗತ್ಯ ಅವನಿಗೆ ಕಾಣಲಿಲ್ಲ. ಕಾಲುಚೀಲ.

ತುದಿ ಸ್ವಲ್ಪ ಚೂಪಾಗಿತ್ತು ನಿಜ. ಹೆಬ್ಬೆರಳಿಗೆ ಅನುಕೂಲವಾಗಲೆಂದು ಹಾಗೆ ಹೆಣೆದಿರಬೇಕು ಎಂದುಕೊಂಡು ಅವನು ಅತ್ತೆಯ ದೂರಾಲೋಚನೆಗೆ ತಲೆದೂಗಿದ. ಮರುದಿನದಿಂದ ತನ್ನ ಹಳೆಯ ಕಾಲುಚೀಲಗಳನ್ನು, ಹಿಮ್ಮಡಿ ಪೂರಾ ಕಿತ್ತುಹೋದಂಥವನ್ನು, ಅತ್ತೆಯ ಕುರ್ಚಿಗೆ ಎದುರಾಗಿ ಹಗ್ಗದ ಮೇಲೆ ಒಣಹಾಕತೊಡಗಿದ. ಕೂರುವಾಗ ಕಾಲು ಮುಂದೆ ಚಾಚಿ, ಪಾದವನ್ನು ಅತ್ತ ಇತ್ತ ತಿರುಗಿಸಿ ಕೂರುತ್ತಿದ್ದ. ಒಂದು ಸಂಜೆ ಅತ್ತೆಯೇ ಅವನನ್ನು ಕರೆದು, ಆ ಚೀಲವನ್ನು ಎತ್ತಿ ಹಿಡಿದು, ಉದ್ದ ಇಷ್ಟು ಸಾಕೇ ನೋಡಿ ಎಂದರು. ಬಲ್ಲಣ್ಣನ ಎದೆ ತುಂಬಿ ಬಂತು. ನಾಚುತ್ತ, ಇನ್ನೊಂದು ನಾಲ್ಕು ಬೆರಳು ಉದ್ದವಾದರೆ ಒಳ್ಳೆಯದು ಅಂದ. ಅಷ್ಟುದ್ದವೇ ಎಂದು ಅತ್ತೆ ಆಶ್ಚರ್ಯಪಟ್ಟು, ಅದು ಯಾಕೆಂದರೆ ಎಂದು ಏನೋ ಹೇಳಹೊರಟರು. ಅವನು ಅಂಗೈ ಎತ್ತಿದ.

"ನಾ ಬಲ್ಲೆ ಅತ್ತೆ, ನೀವೇನೂ ಹೇಳಬೇಡಿ" ಅಂದ. "ಮನಸ್ಸಲ್ಲಿರೋದನ್ನ ಬಾಯಲ್ಲಿ ಹೇಳಿಬಿಟ್ಟರೆ ಅದರ ಸೊಗಸು ಹೋಗುತ್ತೆ."

ಅತ್ತೆ ಕನ್ನಡಕದ ಮೇಲಿಂದ ಅವನನ್ನು ಸ್ವಲ್ಪ ಹೊತ್ತು ನೋಡಿ, ನಾಲ್ಕು ಬೆರಳು ಉದ್ದ ಮಾಡಿದರು.

ಗಂಡಸಿಗೆ ಅತ್ತೆಯಿಂದ ಬರುವ ಗೌರವ ಗುಟ್ಟಾಗಿದ್ದರೆ ಏನು ಚೆಂದ? ಬಲ್ಲಣ್ಣ ತೋಟದಲ್ಲಿ ಟಿಕೆಟ್ ಕಿಟಕಿಯವನಿಗೆ ಹೇಳಿದ. ಕ್ಷೌರದಂಗಡಿಯವನಿಗೆ ಹೇಳಿದ. ಬಲೂನು ಮಾರುವವನಿಗೆ, ಅವನು ಕೇಳದಿದ್ದರೂ, ಹೇಳಿದ. ಕಣ್ಣು ಕಾಣದ ಮುದುಕಿ ನನ್ನ ಕಾಲಿಗೆ ಚಳಿಯಾಗಬಾರದೆಂದು ಕೂತು ಹೆಣೆಯುತ್ತಿದ್ದಾಳಪ್ಪ, ಬೇಡ ಎಂದರೂ ಕೇಳುವುದಿಲ್ಲ, ಕಿರಿಯ ಅಳಿಯನಿಗೆ ಇನ್ನೂ ವಿಷಯ ಗೊತ್ತಿಲ್ಲ, ಪಾಪ, ಗೊತ್ತಾದರೆ ಬೇಜಾರು ಮಾಡಿಕೊಂಡಾನು ಎಂದು ಧ್ವನಿ ತಗ್ಗಿಸಿ, ಬೀದಿಗೆಲ್ಲ ಕೇಳುವಂತೆ ಹೇಳಿದ.

ಅದರ ಮರುದಿನ ಬೆಳಗ್ಗೆ ಮೋಡ ಲಾಯದಿಂದ ಹೊರಬಂದಾಗ ಅದರ ತಲೆಯ ಮೇಲೆ ನೀಲಿ ಟೋಪಿ ಇತ್ತು.

ಹಣೆಯ ಮೇಲೆ ಮುಕ್ಕೋನದ ತುಂಡು, ಅದರಿಂದ ಮೇಲಕ್ಕೆ ಎರಡು ಉದ್ದನೆಯ ಚೀಲ, ಆ ಚೀಲಗಳೊಳಗೆ ಮೋಡದ ಎರಡು ಕಿವಿ. ಕಿವಿಗಿಂತ ಚೀಲ ನಾಲ್ಕು ಬೆರಳು ಉದ್ದವಾಗಿ, ತುದಿಗಳು ಮಡಿಸಿಕೊಂಡು ಜೋತಾಡುತ್ತಿದ್ದವು. ಬಲ್ಲಣ್ಣ ಗೋಧಿಗೆ ಲಗಾಮು ಹಾಕುತ್ತಿದ್ದವನು ಹಾಗೆಯೇ ನಿಂತುಬಿಟ್ಟ. ತನ್ನ ಕಾಲಿಗೆ ಬರಬೇಕಾದದ್ದು ಷಡ್ಡಕನ ಕುದುರೆಯ ಕಿವಿಗೆ ಹೋಗುವುದನ್ನು ಕಣ್ಣಾರೆ ಕಂಡ ಮನುಷ್ಯ ಲೋಕದಲ್ಲಿ ಅವನೊಬ್ಬನೇ ಇರಬೇಕು.

ಷಡ್ಡಕ ಒಳ್ಳೆಯವನು. ಅವನಲ್ಲಿದ್ದ ಎಲ್ಲ ದೋಷಗಳಿಗಿಂತ ಇದೇ ಬಲ್ಲಣ್ಣನಿಗೆ ಸಹಿಸಲಾಗದ್ದು. ಅವನು ತಾನಾಗಿಯೇ ಹತ್ತಿರ ಬಂದು ವಿವರಿಸತೊಡಗಿದ. ಕೆಲವು ದಿನಗಳಿಂದ ಮೋಡ ಲಗಾಮು ಹಾಕುವಾಗ ತಲೆ ಮೇಲೆತ್ತುತ್ತಿತ್ತಂತೆ, ಕಿವಿಗೆ ಕೈ ತಾಗಿಸಿಕೊಳ್ಳುತ್ತಿರಲಿಲ್ಲವಂತೆ. ಮೈ ತಿಕ್ಕುವಾಗ ಕಿವಿಯೊಳಗೆ ನೋಡಿದರೆ ಬಿಳಿಯ ತೇಪೆಗಳು, ಸ್ವಲ್ಪ ಉಬ್ಬಿ, ಮೇಲೆ ಹೊಟ್ಟಿನಂಥ ಸಿಪ್ಪೆ. ಬಲ್ಲಣ್ಣ ಹುಲ್ಲು ತರಲು ಹೋಗಿದ್ದ ದಿನ ಕುದುರೆ ಡಾಕ್ಟರಮ್ಮ ಬಂದು ನೋಡಿ ಹೋಗಿದ್ದರಂತೆ.

"ಅದೇನೂ ದೊಡ್ಡ ತೊಂದರೆ ಅಲ್ಲವಂತೆ ಅಣ್ಣ" ಅಂದ ಷಡ್ಡಕ. "ಕಿವಿಯೊಳಗೆ ಹೀಗೆ ಬಿಳಿ ತೇಪೆ ಬಂದರೆ ಕಿವಿಗೆ ಟೋಪಿ ಹಾಕಬೇಕಂತೆ. ಯಾಕಂದ್ರೆ..."

"ನಾ ಬಲ್ಲೆ" ಅಂದ ಬಲ್ಲಣ್ಣ, ಅಂಗೈ ಎತ್ತಿ.

ಯಾಕೆಂದರೆ ಎಂಬುದರ ಮುಂದಿನದು ಅವನಿಗೆ ಬೇಕಿರಲಿಲ್ಲ. ಅವನ ಬುದ್ಧಿಗೆ ಬೇಕಾದದ್ದು ಸಿಕ್ಕಿತ್ತು. ಬಿಳಿ ತೇಪೆ ಬಂದರೆ ಅತ್ತೆಯ ಕೈಯ ಟೋಪಿ ಬರುತ್ತದೆ.

ಆ ದಿನ ತೋಟದಲ್ಲಿ ಮಕ್ಕಳು ಗೋಧಿಯ ಗಾಡಿಯನ್ನು ಕಣ್ಣೆತ್ತಿ ನೋಡಲಿಲ್ಲ. ಟೋಪಿ ಕುದುರೆ ಬೇಕು, ಟೋಪಿ ಕುದುರೆ ಬೇಕು ಎಂದು ಹಟ ಹಿಡಿದು, ಬಲ್ಲಣ್ಣನ ಗಾಡಿಯಲ್ಲಿ ಕೂರಿಸಿದ ಒಂದು ಕೂಸು ಅಳುತ್ತ ಇಳಿದು ಹೋಯಿತು. ಜೋತಾಡುವ ಆ ತುದಿಗಳೇ ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದವು. ತಾನೇ ಹೇಳಿ ಉದ್ದ ಮಾಡಿಸಿದ ನಾಲ್ಕು ಬೆರಳು ಎದುರಾಳಿಯ ಕುದುರೆಯ ತಲೆಯ ಮೇಲೆ ಕುಣಿಯುವುದನ್ನು ನೋಡುತ್ತ ಬಲ್ಲಣ್ಣ ಒಳಗೊಳಗೇ ಬೆಂದ. ಸಂಜೆ ಟಿಕೆಟ್ ಕಿಟಕಿಯವನು ತಲೆ ಹೊರಗೆ ಹಾಕಿ, ಅವನ ಕಾಲನ್ನೇ ನೋಡುತ್ತ, "ಅಲ್ಲಾ ಬಲ್ಲಣ್ಣ, ನಿನ್ನ ಕಾಲುಚೀಲ ಯಾಕೋ ಕುದುರೆ ತಲೆಗೆ ಏರಿಬಿಟ್ಟಿದೆಯಲ್ಲ" ಎಂದು ಬಹಳ ಮರುಕದಿಂದ ವಿಚಾರಿಸಿದ. ಕ್ಷೌರದಂಗಡಿಯಲ್ಲಿ ಅದೇ ಮರುಕ ಇನ್ನೂ ಜೋರಾಗಿ ಕೇಳಿಸಿತು.

ಮನೆಗೆ ಬಂದವನೇ ಬಲ್ಲಣ್ಣ ಟಾರ್ಚು ಹಿಡಿದು ಗೋಧಿಯ ಕಿವಿ ಪರೀಕ್ಷಿಸಿದ. ಬಲಗಿವಿಯ ಒಳಗೆ ಬೆಳಕು ಬಿಟ್ಟು ನೋಡಿದ. ಎಡಗಿವಿಯನ್ನು ಮಗುಚಿ ನೋಡಿದ. ಒಳಗೆ ಮೃದುವಾದ ಕೂದಲು, ಕೂದಲ ಕೆಳಗೆ ತೆಳುವಾದ ನಸುಗೆಂಪು ಚರ್ಮ, ಒಂದಿಷ್ಟು ಧೂಳು. ಉಣ್ಣಿಯಿಲ್ಲ, ಹುಣ್ಣಿಲ್ಲ, ಬಿಳಿಯ ಚುಕ್ಕೆಯೊಂದಿಲ್ಲ. ಹಾಲಿನಲ್ಲಿ ತೊಳೆದಂಥ ಕಿವಿ. ಆರೋಗ್ಯವನ್ನು ಕಂಡು ಇಷ್ಟು ನಿರಾಶನಾದ ಯಜಮಾನನನ್ನು ಗೋಧಿ ಅದುವರೆಗೆ ನೋಡಿರಲಿಲ್ಲ. ಸಮಾಧಾನ ಮಾಡುವಂತೆ ಅವನ ಭುಜದ ಮೇಲೆ ಮೂತಿ ಇಟ್ಟಿತು.

ಹಿತ್ತಲಲ್ಲಿ ಬಟ್ಟೆ ಎತ್ತಲು ಬಂದ ಹೆಂಡತಿ, ಕುದುರೆಯ ಕಿವಿಯಲ್ಲಿ ಏನು ಕಳಕೊಂಡಿರಿ ಎಂದು ಕೇಳಿದಳು. ಅವನು ನಯವಾಗಿ, ಅತ್ತೆ ಗೋಧಿಗೂ ಒಂದು ಟೋಪಿ ಹೆಣೆದರೆ ಚೆನ್ನಾಗಿರುತ್ತದಲ್ಲವೇ ಎಂದು ಪ್ರಸ್ತಾಪಿಸಿದ. ಅದಕ್ಕೇನಾಗಿದೆ ಎಂದಳು ಹೆಂಡತಿ. ಏನೂ ಆಗಿಲ್ಲ ಎಂದು ಒಪ್ಪಿಕೊಳ್ಳುವುದು ಅವನಿಗೆ ಬಹಳ ಕಷ್ಟವಾಯಿತು.

"ಏನೂ ಆಗದ ಕುದುರೆಗೆ ಟೋಪಿ ಹೆಣೀರಿ ಅಂತ ಕಣ್ಣು ಕಾಣದ ಅಮ್ಮನಿಗೆ ಹೇಳಲಾ ರೀ?" ಎಂದಳು ಅವಳು, ಹಗ್ಗದಿಂದ ತೂತು ಕಾಲುಚೀಲಗಳನ್ನು ಎಳೆಯುತ್ತ. "ಮೊದಲು ಇವನ್ನಾದರೂ ಬಿಸಾಕಿ. ಹಿಮ್ಮಡಿಯಿಲ್ಲದ ಕಾಲುಚೀಲವನ್ನ ದಿನಾ ಒಗೆದು ಒಣಗಿಸೋರನ್ನ ನಾನು ಎಲ್ಲೂ ನೋಡಿಲ್ಲ."

ಮಧ್ಯಾಹ್ನ ಮನೆಯೆಲ್ಲ ಮಲಗುವ ಹೊತ್ತು ಪಾಪಕ್ಕೆ ಬಹಳ ಅನುಕೂಲವಾದದ್ದು. ಮರುದಿನ ಆ ಹೊತ್ತಿನಲ್ಲಿ ಬಲ್ಲಣ್ಣ ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬ ತೆರೆದ. ಹಿಟ್ಟಿಗೆ ನೀರು, ನೀರಿಗೆ ಒಂದಿಷ್ಟು ಸೀಮೆಸುಣ್ಣದ ಪುಡಿ, ಹೊಳಪು ಬರಲೆಂದು ಒಂದು ಚಮಚ ಸಕ್ಕರೆ. ಈ ಸಕ್ಕರೆ ಅವನ ಸ್ವಂತ ಪ್ರತಿಭೆ. ಕಲಸಿ, ಬೆರಳ ತುದಿಯಲ್ಲಿ ತೆಗೆದು, ಗೋಧಿಯ ಎರಡೂ ಕಿವಿಯೊಳಗೆ ಅಲ್ಲೊಂದು ಇಲ್ಲೊಂದು ತೇಪೆ ಹಚ್ಚಿದ. ಒಣಗಿದ ಮೇಲೆ ಉಗುರಿನಿಂದ ಅಂಚು ಎಬ್ಬಿಸಿ ಸಿಪ್ಪೆ ಏಳುವಂತೆ ಮಾಡಿದ. ಹಲಗೆಯ ಆಚೆ ಮೋಡದ ಟೋಪಿ ಸರಿಸಿ ಕಿವಿಯೊಳಗೆ ಇಣುಕಿ, ಹೋಲಿಸಿ, ತೃಪ್ತಿಯಿಂದ ಕೈ ತೊಳೆದ. ದೇವರು ಷಡ್ಡಕನಿಗೆ ಪುಕ್ಕಟೆಯಾಗಿ ಕೊಟ್ಟದ್ದನ್ನು ಅವನು ಸ್ವಂತ ಶ್ರಮದಿಂದ ಸಂಪಾದಿಸಿದ್ದ. ಸಂಜೆ ಹೆಂಡತಿ ಹಿಟ್ಟಿನ ಡಬ್ಬದ ಮುಚ್ಚಳ ತೆರೆದಿರುವುದನ್ನು ಕಂಡಾಗ, ಇಲಿ ಇರಬೇಕು ಎಂದು ತಾನೇ ಮೊದಲು ಹೇಳಿದ.

ಆಮೇಲೆ ಮುಖ ಸಣ್ಣದು ಮಾಡಿಕೊಂಡು ಅತ್ತೆಯ ಮುಂದೆ ಹೋಗಿ ನಿಂತು, ಗೋಧಿಗೂ ಬಂದಿದೆ ಎಂದು ತಿಳಿಸಿದ. ಅತ್ತೆ ಎದ್ದು ಬಂದರು. ಕನ್ನಡಕ ಒರೆಸಿಕೊಂಡು ಗೋಧಿಯ ಕಿವಿಯನ್ನು ಹತ್ತಿರದಿಂದ ನೋಡಿದರು. ಮೂಗು ಹತ್ತಿರ ತಂದಾಗ ಸ್ವಲ್ಪ ತಡೆದರು, ಏನೋ ನೆನಪಾದವರಂತೆ. ಬಳಿಕ ನೆಟ್ಟಗೆ ನಿಂತು, ಇದನ್ನು ಡಾಕ್ಟರಮ್ಮನಿಗೆ ತೋರಿಸಲೇಬೇಕು ಎಂದರು.

ಈ ತಿರುವು ಬಲ್ಲಣ್ಣನ ಅರ್ಧ ತಿಳಿವಳಿಕೆಯಲ್ಲಿ ಇರಲಿಲ್ಲ. ಡಾಕ್ಟರಮ್ಮ ಯಾಕೆ, ಮೋಡಕ್ಕೆ ಬಂದದ್ದೇ ಇದಕ್ಕೂ ಬಂದಿದೆ, ಟೋಪಿಯೊಂದು ಹೆಣೆದರೆ ಸಾಕು ಎಂದು ಅವನು ಹೇಳಿ ನೋಡಿದ. ಅಷ್ಟರಲ್ಲಿ ಷಡ್ಡಕ ಓಡಿಬಂದ. ಅವನ ಕಣ್ಣಲ್ಲಿ ನೀರಿತ್ತು.

"ನನ್ನ ಮೋಡದಿಂದಲೇ ದಾಟಿರಬೇಕು ಅಣ್ಣ" ಅಂದ. "ತಪ್ಪು ನನ್ನದು. ನಿಮ್ಮ ಗೋಧಿ ಚಿನ್ನದಂಥ ಕುದುರೆ. ಇಗೊಳ್ಳಿ, ಈ ಟೋಪಿ ಗೋಧಿಗೇ ಹಾಕಿಬಿಡಿ."

ಎಂದು ಮೋಡದ ತಲೆಯಿಂದ ಟೋಪಿ ಬಿಚ್ಚಿ ಚಾಚಿದ. ಬಲ್ಲಣ್ಣನ ಕೈ ಅರ್ಧ ಮುಂದೆ ಹೋಗಿತ್ತು. ಒಂದು ಕುದುರೆಯದನ್ನು ಇನ್ನೊಂದಕ್ಕೆ ಹಾಕಲೇಬಾರದು ಎಂದು ಡಾಕ್ಟರಮ್ಮ ಹೇಳಿದ್ದಾರೆ ಎಂದು ಅತ್ತೆ ತಡೆದರು. ತಡೆದದ್ದೂ ಅಲ್ಲದೆ ಕಿರಿಯ ಅಳಿಯನ ಬೆನ್ನು ತಟ್ಟಿ, ಎಂಥ ಮನಸ್ಸಪ್ಪ ನಿಮ್ಮದು ಎಂದರು. ಕಾಯಿಲೆಯನ್ನು ತಂದವನು ಬಲ್ಲಣ್ಣ, ಬೆನ್ನು ತಟ್ಟಿಸಿಕೊಂಡವನು ಷಡ್ಡಕ. ಇಂಥ ಅನ್ಯಾಯ ಆ ಹಿತ್ತಲಲ್ಲಿ ಹಿಂದೆಂದೂ ನಡೆದಿರಲಿಲ್ಲ.

ಡಾಕ್ಟರಮ್ಮ ಬೇರೆ ಊರಿನ ಕುದುರೆಗಳನ್ನು ನೋಡಲು ಹೋಗಿದ್ದರು. ಬರಲು ಒಂದೆರಡು ದಿನ ಬೇಕಿತ್ತು. ಅಷ್ಟರಲ್ಲಿ ಸುದ್ದಿ ಗೋಡೆ ಹಾರಿತು. ಪಕ್ಕದ ಮನೆಯ ದರ್ಜಿಯ ಹೆಂಡತಿ ಅದನ್ನು ಮೊದಲು ಕೇಳಿಸಿಕೊಂಡವಳು. ಒಂದೇ ಹಿತ್ತಲಲ್ಲಿ ಎರಡು ಕುದುರೆಗೆ ಬಂದ ಮೇಲೆ ಮನುಷ್ಯರಿಗೆ ಬರಲು ಎಷ್ಟು ಹೊತ್ತು ಎಂದು ಅವಳು ಗಂಡನ ಕಿವಿಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಅಲ್ಲಿ ಸೀಮೆಸುಣ್ಣದ ಬಿಳಿ ಗುರುತಿತ್ತು. ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣವನ್ನು ದರ್ಜಿ ಕಿವಿಯ ಸಂದಿಯಲ್ಲಿ ಸಿಕ್ಕಿಸಿಕೊಳ್ಳುವುದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ, ಭಯದಲ್ಲಿ ಮರೆತಳು. ಕ್ಷೌರದಂಗಡಿಯಲ್ಲಿ ಗಿರಾಕಿಗಳು ಕೂದಲಿಗಿಂತ ಮೊದಲು ಕಿವಿ ನೋಡು ಎನ್ನತೊಡಗಿದರು. ಬಲೂನು ಮಾರುವವನು ತನಗೆ ಆಗಲೇ ಕಿವಿ ತುರಿಸುತ್ತಿದೆ ಎಂದು ಸಾರಿದ. ಅವನು ಹೇಳಿದ ಮೇಲೆ ಎಲ್ಲರಿಗೂ ತುರಿಸಿತು.

ಸುದ್ದಿ ತೋಟದ ಸಾಹೇಬರಿಗೆ ಮುಟ್ಟಿದಾಗ ಅವರು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಕೂತರು. ಷಡ್ಡಕರಿಬ್ಬರನ್ನೂ ಕಚೇರಿಯ ಹೊಸ್ತಿಲಾಚೆಯೇ ನಿಲ್ಲಿಸಿ, ಡಾಕ್ಟರಮ್ಮ ಸರಿಯೆನ್ನುವವರೆಗೆ ಎರಡು ಕುದುರೆಯೂ ತೋಟಕ್ಕೆ ಕಾಲಿಡಕೂಡದೆಂದು ಆಜ್ಞೆ ಮಾಡಿದರು. ಇದು ಕುದುರೆಯಿಂದ ಕುದುರೆಗಷ್ಟೇ ಸಾರ್, ಮನುಷ್ಯರಿಗಂತೂ ತಗಲುವುದೇ ಇಲ್ಲ ಎಂದು ಷಡ್ಡಕ ಬಿಡಿಸಿ ಹೇಳಿದ. ಹತ್ತಿಯ ದೆಸೆಯಿಂದ ಸಾಹೇಬರಿಗೆ ಅದು ಕೇಳಲಿಲ್ಲ. "ಜೋರಾಗಿ ಮಾತಾಡಬೇಡಿ, ಹರಡುತ್ತೆ" ಎಂದರು.

ಎರಡು ಗಾಡಿಗಳೂ ಹಿತ್ತಲಲ್ಲಿ ನಿಂತವು. ಮೋಡದ ಟೋಪಿಯನ್ನು ಈಗ ನೋಡುವ ಮಕ್ಕಳಿರಲಿಲ್ಲ. ಬಲ್ಲಣ್ಣನಿಗೆ ಇದರಿಂದ ಸಂತೋಷವಾಗಬೇಕಿತ್ತು, ಸ್ವಲ್ಪ ಆಯಿತು ಕೂಡ. ಆದರೆ ಗೋಧಿಯನ್ನು ನೋಡಿದರೆ ಆ ಸಂತೋಷ ನಿಲ್ಲುತ್ತಿರಲಿಲ್ಲ. ಸಕ್ಕರೆಯ ಸುಳಿವು ಹಿಡಿದು ಮೊದಲು ಇರುವೆ ಬಂದವು. ಇರುವೆಯ ಹಿಂದೆ ನೊಣ ಬಂದವು. ಮುಂಜಾನೆ, ಮುಸ್ಸಂಜೆಗಳಲ್ಲಿ ಕೆರೆಯ ಕಡೆಯಿಂದ ಎಳ್ಳಿನಷ್ಟು ಗಾತ್ರದ ಕರಿನೊಣಗಳು ಹಿಂಡುಹಿಂಡಾಗಿ ಬಂದು, ಎಷ್ಟು ಅಲ್ಲಾಡಿಸಿದರೂ ಏಳದೆ ಅದರ ಕಿವಿಯೊಳಗೇ ಕೂತವು. ಗೋಧಿ ತಲೆ ಒದರಿತು. ಕಿವಿಯನ್ನು ಹಲಗೆಗೆ ಉಜ್ಜಿತು. ಹಿಂಗಾಲು ಮುಂದೆ ತಂದು ಕೆರೆದುಕೊಳ್ಳಲು ನೋಡಿ ಮುಗ್ಗರಿಸಿತು. ಹಲಗೆಯಾಚೆ ಮೋಡ ಟೋಪಿ ಹಾಕಿಕೊಂಡು ನೆಮ್ಮದಿಯಾಗಿ ಹುಲ್ಲು ಮೇಯುತ್ತಿತ್ತು.

ಬಲ್ಲಣ್ಣ ಹಿಟ್ಟನ್ನು ಕೆರೆದು ತೆಗೆಯಲು ಹೋದ. ಅದು ಕೂದಲಿಗೆ ಕಚ್ಚಿ ಕಲ್ಲಾಗಿತ್ತು. ಉಗುರು ಹಾಕಿದರೆ ಗೋಧಿ, ಎಂದೂ ಹಲ್ಲು ತೋರಿಸದ ಗೋಧಿ, ಅವನ ತೋಳಿನ ಹತ್ತಿರ ಹಲ್ಲು ಕಡಿಯಿತು. ಸತ್ಯ ಹೇಳಿಬಿಡೋಣ ಎಂದು ಅವನು ಹಲವು ಸಲ ಅತ್ತೆಯ ಕುರ್ಚಿಯವರೆಗೆ ಹೋಗಿ ಬಂದ. ಪ್ರತಿ ಸಲವೂ ಅಲ್ಲಿ ಷಡ್ಡಕ ಇರುತ್ತಿದ್ದ, ಗೋಧಿಗಾಗಿ ಮರುಗುತ್ತ. ಅವನೆದುರು ಹೇಳುವುದಕ್ಕಿಂತ ಕೆರೆಗೆ ಹಾರುವುದು ಮರ್ಯಾದೆ ಎನಿಸುತ್ತಿತ್ತು.

ಡಾಕ್ಟರಮ್ಮ ಬಂದ ಬೆಳಗ್ಗೆ ಹಿತ್ತಲು ತುಂಬಿತ್ತು. ದರ್ಜಿ, ದರ್ಜಿಯ ಹೆಂಡತಿ, ಕ್ಷೌರದಂಗಡಿಯವನು, ಟಿಕೆಟ್ ಕಿಟಕಿಯವನು, ಎಲ್ಲರಿಗಿಂತ ಹಿಂದೆ ಹತ್ತಿ ತುರುಕಿಕೊಂಡ ತೋಟದ ಸಾಹೇಬರು. ಡಾಕ್ಟರಮ್ಮ ಗಟ್ಟಿ ಮೈಕಟ್ಟಿನ, ಗಡಿಬಿಡಿಯಿಲ್ಲದ ಹೆಂಗಸು. ಮೊದಲು ಮೋಡದ ಟೋಪಿ ತೆಗೆದು ಅದರ ಕಿವಿ ನೋಡಿದರು. ತೇಪೆ ಹಾಗೆಯೇ ಇತ್ತು. ಇದು ಹೋಗುವಂಥದ್ದಲ್ಲ, ಕುದುರೆಗೆ ಈಗ ನೋವೂ ಇಲ್ಲ, ಕೆರೆಯಬೇಡಿ, ಉಜ್ಜಬೇಡಿ, ನೊಣ ತಾಗದಂತೆ ನೋಡಿಕೊಳ್ಳಿ ಅಷ್ಟೇ ಎಂದರು. ಆಮೇಲೆ ಗೋಧಿಯ ಕಡೆ ತಿರುಗಿ, ಎಡಗಿವಿಯನ್ನು ನಿಧಾನವಾಗಿ ಮಗುಚಿದರು. ಸುಮ್ಮನೆ ನೋಡಿದರು. ಹತ್ತಿರ ಹೋಗಿ ಮೂಸಿದರು. ಬಿಸಿನೀರು ತರಲು ಹೇಳಿದರು.

ಬಲ್ಲಣ್ಣ, ನೀರೇನೂ ಬೇಡ, ಟೋಪಿ ಹಾಕಿದರೆ ಹೋಗುತ್ತದೆ ಎಂದು ಸಣ್ಣ ಧ್ವನಿಯಲ್ಲಿ ಹೇಳಿದ. ಯಾರೂ ಕೇಳಿಸಿಕೊಳ್ಳಲಿಲ್ಲ.

ಬಿಸಿನೀರಲ್ಲಿ ಅದ್ದಿದ ಹತ್ತಿಯನ್ನು ತೇಪೆಯ ಮೇಲೆ ಇಟ್ಟು ಡಾಕ್ಟರಮ್ಮ ಕಾದರು. ತೇಪೆ ಮೆತ್ತಗಾಯಿತು. ಅಂಟಂಟಾಯಿತು. ಹತ್ತಿಯ ಜೊತೆ ಎಳೆಯಾಗಿ ಎದ್ದು ಬಂತು. ಅದನ್ನು ಬೆರಳ ನಡುವೆ ಉಜ್ಜಿ ಅವರು ಎಲ್ಲರಿಗೂ ಕಾಣುವಂತೆ ಹಿಡಿದರು.

"ನಿಜವಾದದ್ದು ನೀರಿಗೆ ಬಿಡೋದಿಲ್ಲ" ಎಂದರು. "ಇದು ಹಿಟ್ಟು."

ತೋಟದ ಸಾಹೇಬರು ಒಂದು ಕಿವಿಯ ಹತ್ತಿ ತೆಗೆದರು. ಎಲ್ಲರಿಗಿಂತ ಮೊದಲು ಮಾತಾಡಿದವಳು ಬಲ್ಲಣ್ಣನ ಹೆಂಡತಿ.

"ಹಾಗಾದರೆ ಆ ಇಲಿ ನೀವೇನಾ ರೀ?" ಎಂದಳು.

ಬಲ್ಲಣ್ಣ ಅಂಗೈ ಎತ್ತಲು ನೋಡಿದ. ಅದು ಎದೆಯವರೆಗೂ ಏರಲಿಲ್ಲ. ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಅವನ ಕೈ ಹಿಡಿದು ಹತ್ತಿರ ಎಳೆದು, ಹಿಟ್ಟು ಹೋದ ಜಾಗವನ್ನು ತೋರಿಸಿದರು. ಹಾಲಲ್ಲಿ ತೊಳೆದಂತಿದ್ದ ಕಿವಿಯ ಒಳಮೈ ಕೆಂಪಾಗಿ ಊದಿತ್ತು. ತುಂಬ ಚುಚ್ಚಿದ ಗುರುತು, ಅಲ್ಲಲ್ಲಿ ಒಣಗಿದ ರಕ್ತದ ಹಕ್ಕಳೆ. ಮೋಡಕ್ಕೆ ಆ ತೇಪೆ ತಂದದ್ದೂ ಈ ಕರಿನೊಣವೇ, ಟೋಪಿ ಹಾಕಲು ಹೇಳಿದ್ದು ಅದು ಕಚ್ಚದಿರಲೆಂದು, ನೀವು ಅದೇ ನೊಣವನ್ನು ಸಕ್ಕರೆ ಇಟ್ಟು ಕರೆದಿದ್ದೀರಿ ಎಂದರು. ಯಾಕೆಂದರೆ ಎಂಬುದರ ಮುಂದಿನ ಅರ್ಧ ಹೀಗೆ ಬಲ್ಲಣ್ಣನಿಗೆ ತಲುಪಿತು. ಮಾತಿನ ಕೊನೆಯವರೆಗೂ ಅವನು ಕಿವಿಗೊಟ್ಟು ಕೇಳಿದ್ದು ಅದೇ ಮೊದಲು. ದಿನಾ ಉಗುರುಬಿಸಿ ನೀರಲ್ಲಿ ಒರೆಸಿ, ತೇವ ಆರಿಸಿ, ಕೊಟ್ಟ ಮುಲಾಮು ತೆಳ್ಳಗೆ ಹಚ್ಚುವುದು, ಹಕ್ಕಳೆ ಕೀಳದಿರುವುದು, ಬೆಳಗ್ಗೆ ಸಂಜೆ ನೊಣದ ಹೊತ್ತಿಗೆ ಲಾಯದ ಒಳಗೇ ಕಟ್ಟುವುದು.

"ವಾಸಿಯಾಗೋವರೆಗೆ ಇದಕ್ಕೂ ಒಂದು ಕಿವಿಟೋಪಿ ಬೇಕು" ಎಂದು ಮುಗಿಸಿದರು.

ಎಲ್ಲರೂ ಅತ್ತೆಯ ಕಡೆ ನೋಡಿದರು. ಅತ್ತೆ ಎದ್ದು ಒಳಗೆ ಹೋದರು. ಹಿರಿಯ ಅಳಿಯನ ಆಸೆ ಕೈಗೂಡುವ ಹೊತ್ತು ಬಂದಿತ್ತು, ಅವನಿಗೆ ಮಾತ್ರ ನೆಲ ಬಾಯಿ ಬಿಡಬಾರದೇ ಎನಿಸುತ್ತಿತ್ತು. ಅತ್ತೆ ಮರಳಿ ಬಂದಾಗ ಅವರ ತೋಳಿನ ಮೇಲೆ ಉದ್ದನೆಯದೊಂದು ನೀಲಿ ಹೆಣಿಗೆ ಇತ್ತು. ಅಗಲವಾದದ್ದು, ಮೆತ್ತನೆಯದು, ಒಂದು ತುದಿಗೆ ಗೊಂಡೆಯೂ ಕಟ್ಟಿಯಾಗಿತ್ತು. ಮಫ್ಲರ್.

ಅಂಗಡಿಯಲ್ಲಿ ಆ ದಾರ ಮುಗಿದಿದೆ ಎಂದರು ಅತ್ತೆ. ಇನ್ನೊಂದು ಟೋಪಿಗೆ ಇದನ್ನೇ ಬಿಚ್ಚಬೇಕು. ಬಲ್ಲಣ್ಣನನ್ನು ಕುರ್ಚಿಯ ಎದುರು ಮಣೆ ಹಾಕಿ ಕೂರಿಸಿ, ಎರಡೂ ಕೈ ಮುಂದೆ ಚಾಚಲು ಹೇಳಿ, ಮಫ್ಲರಿನ ತುದಿ ಹಿಡಿದು ಎಳೆದರು. ಸಾಲು ಸಾಲಾಗಿ ಹೆಣಿಗೆ ಬಿಚ್ಚುತ್ತ ಬಂತು. ಬಿಚ್ಚಿದ ದಾರವನ್ನು ಅವನ ಎರಡು ಕೈಗಳ ನಡುವೆ ಸುತ್ತುತ್ತ ಹೋದರು.

"ಇದು ಯಾರಿಗೆ ಅತ್ತೆ?" ಎಂದು ಬಲ್ಲಣ್ಣ ಕೇಳಿದ. ಕೇಳದೆ ಇರಲು ಬಹಳ ಪ್ರಯತ್ನಪಟ್ಟಿದ್ದ.

"ಹಗ್ಗದ ಮೇಲೆ ಹರಕು ಕಾಲುಚೀಲ ದಿನಾ ಕಾಣ್ತಿತ್ತಲ್ಲ ಅಳಿಯಂದಿರೇ" ಎಂದರು ಅತ್ತೆ, ಕಣ್ಣು ದಾರದ ಮೇಲೆಯೇ ಇಟ್ಟು. "ಕಾಲುಚೀಲದ ಹಿಮ್ಮಡಿ ತಿರುಗಿಸೋಕೆ ಈಗ ನನ್ನ ಕಣ್ಣು ಕಾಣೋದಿಲ್ಲ. ನೆಟ್ಟಗೆ ಹೆಣೆಯೋದಾದರೆ ಆಗುತ್ತೆ ಅಂತ ನಿಮಗೇ ಶುರು ಮಾಡಿದ್ದೆ. ಕೈ ಅಲ್ಲಾಡಿಸಬೇಡಿ."

ಅವನು ಅಲ್ಲಾಡಿಸಲಿಲ್ಲ. ಇಡೀ ಬೀದಿಯ ಮುಂದೆ, ತನಗೆಂದು ಹೆಣೆದದ್ದು ತನ್ನ ಕೈಯ ಮೇಲೆಯೇ ದಾರವಾಗಿ ಸುತ್ತಿಕೊಳ್ಳುವುದನ್ನು ನೋಡುತ್ತ, ಕೈ ಜೋಮು ಹಿಡಿಯುವವರೆಗೆ ಕೂತಿದ್ದ. ಗೊಂಡೆ ಕೊನೆಗೆ ಬಂತು. ಷಡ್ಡಕ, ನಾನು ಸ್ವಲ್ಪ ಹೊತ್ತು ಹಿಡಿಯಲೇ ಅಣ್ಣ ಎಂದು ಕೇಳಿದ. ಬಲ್ಲಣ್ಣ ಬೇಡವೆಂದ. ಆ ಹೊತ್ತಿನಲ್ಲೂ ಆ ದಾರವನ್ನು ಅವನ ಕೈಗೆ ಕೊಡಲು ಮನಸ್ಸು ಬರಲಿಲ್ಲ.

ಗೋಧಿಯ ಟೋಪಿ ಸರಿಯಾದ ಅಳತೆಗೇ ಬಂತು. ಈ ಸಲ ಅತ್ತೆ ಅಳತೆಯನ್ನು ಬಲ್ಲಣ್ಣನ ಬದಲು ಗೋಧಿಯಲ್ಲೇ ಕೇಳಿದ್ದರು. ಸಾಹೇಬರು ಇನ್ನೊಂದು ಕಿವಿಯ ಹತ್ತಿಯನ್ನೂ ತೆಗೆದು, ಎರಡು ಕುದುರೆಗಳನ್ನೂ ತೋಟಕ್ಕೆ ಬಿಟ್ಟರು. ಬಲ್ಲಣ್ಣ ದಿನಾ ಟೋಪಿ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಕಿವಿ ಒರೆಸಿ, ಆರಿಸಿ, ಮುಲಾಮು ಹಚ್ಚುತ್ತಿದ್ದ. ಹಕ್ಕಳೆಗಳು ತಾವಾಗಿ ಉದುರಿದವು. ಒಂದು ಬೆಳಗ್ಗೆ ಗೋಧಿ ತಲೆ ಮೇಲೆತ್ತದೆ ಲಗಾಮು ಹಾಕಿಸಿಕೊಂಡು, ಅವನ ಭುಜದ ಮೇಲೆ ಮೊದಲಿನಂತೆ ಮೂತಿ ಇಟ್ಟಿತು.

ಚಳಿಗಾಲ ಬಂತು. ಕೆರೆಯ ಮೇಲಿನ ಕರಿನೊಣ ಪೂರಾ ಸತ್ತುಹೋದವು. ಗೋಧಿಗೆ ಟೋಪಿಯ ಕೆಲಸ ಮುಗಿಯಿತು. ಅತ್ತೆ ಅದನ್ನು ಒಗೆದು, ಬಿಸಿಲಲ್ಲಿ ಒಣಗಿಸಿ, ಮಡಿಸಿ ಬಲ್ಲಣ್ಣನ ಕೈಗೆ ಕೊಟ್ಟರು. ದಾರ ನಿಮ್ಮದೇ ಎಂದರು.

ಅವನಿಗೆ ಬೇರೆ ಮಫ್ಲರ್ ಇರಲಿಲ್ಲ. ಮಂಜು ಕವಿದ ಮುಂಜಾನೆ ತೋಟಕ್ಕೆ ಬಂದವರು ಕಂಡದ್ದು ಇದು: ಗಾಡಿಯ ಮುಂದೆ ಬರಿದಲೆಯ ಗೋಧಿ, ಗಾಡಿಯ ಮೇಲೆ, ನೀಲಿ ಟೋಪಿಯನ್ನು ಗದ್ದದ ಕೆಳಗೆ ಬಿಗಿಯಾಗಿ ಕಟ್ಟಿಕೊಂಡು, ತಲೆಯ ಮೇಲೆ ಎರಡು ಖಾಲಿ ಕುದುರೆಗಿವಿ ಹೊತ್ತ ಬಲ್ಲಣ್ಣ. ಟಿಕೆಟ್ ಕಿಟಕಿಯವನು ಏನಾದರೂ ಹೇಳಬೇಕೆಂದು ತಲೆ ಹೊರಗೆ ಹಾಕಿದ. ಇಷ್ಟು ಒಳ್ಳೆಯ ಅವಕಾಶ ಎದುರಿಗೆ ಬಂದಾಗ ಅವನಿಗೆ ಮಾತೇ ಹೊಳೆಯಲಿಲ್ಲ. ಮಕ್ಕಳಿಗೆ ಹೊಳೆಯಿತು. ಕಿವಿಯಿರುವ ಮಾಮನ ಗಾಡಿ ಬೇಕೆಂದು ಸಾಲುಗಟ್ಟಿದರು.

ಆಚೆ ಮೋಡದ ಗಾಡಿಯಲ್ಲಿ ಷಡ್ಡಕ ಕತ್ತಿಗೆ ಹಳೆಯ ಗೋಣಿತುಂಡು ಸುತ್ತಿಕೊಂಡು ಕೂತಿದ್ದ. ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ಬಹಳ ಹೊತ್ತು ಆ ನೀಲಿ ಹೆಣಿಗೆಯನ್ನು ನೋಡಿದ.

"ಬೆಚ್ಚಗಿದೆಯಾ ಅಣ್ಣ?" ಎಂದು ಕೇಳಿದ.

"ಅತ್ತೆ ನನಗೇ ಅಂತ ಶುರು ಮಾಡಿದ್ದಪ್ಪ" ಅಂದ ಬಲ್ಲಣ್ಣ, ಗದ್ದದ ಗಂಟನ್ನು ಸರಿಪಡಿಸಿಕೊಳ್ಳುತ್ತ. ಆ ಒಳ್ಳೆಯ ಮುಖದ ಮೇಲೆ ಏನೋ ಒಂದು ಸಣ್ಣಗೆ ಹಾದುಹೋದದ್ದನ್ನು ಕಂಡ. ಅದು ಏನೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಇದೊಂದನ್ನು ಅವನು ಪೂರ್ತಿ ಬಲ್ಲ.

ಅಂದು ಸಂಜೆ ಕುದುರೆಗಳನ್ನು ಕಟ್ಟಿದ ಮೇಲೆ ಷಡ್ಡಕ ಅತ್ತೆಯ ಕುರ್ಚಿಯ ಹತ್ತಿರ ಹೋಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿದ.

"ಅತ್ತೆ, ಯಾಕೋ ನನ್ನ ಕಿವಿಯೊಳಗೂ ಬೆಳ್ಳಗೆ ಏನೋ ಬಂದ ಹಾಗಿದೆ" ಅಂದ. "ಸ್ವಲ್ಪ ನೋಡ್ತೀರಾ?"

ಅತ್ತೆ ಕನ್ನಡಕ ಏರಿಸಿಕೊಂಡರು. ಆಮೇಲೆ ಒಳಗಿದ್ದ ಕಿರಿಯ ಮಗಳನ್ನು ಕೂಗಿ, ಹಿಟ್ಟಿನ ಡಬ್ಬದ ಮುಚ್ಚಳ ಹಾಕಿದೆಯೋ ನೋಡಲು ಹೇಳಿದರು.